ಮರದ ತೆರೆಯ ಹಿಂಬದಿ

ಶ್ರೋತೃಗಳಿಗೆ ನಮಸ್ಕಾರ. ರೇಡಿಯೋ ಹಚ್ಚಿಟ್ಟು ಉಳಿ ಕೊಡತಿ ಹಿಡಿದು ಕೂತಿರುವ ಬಡಗಿಗಳು ಯಾರಾದರೂ ಇದ್ದರೆ, ಈ ಮಾತು ಮೊದಲು ನಿಮಗೆ.

ಫ್ರಾನ್ಸಿನ ವಾಯವ್ಯ ತುದಿಯಲ್ಲಿ ಸಮುದ್ರದೊಳಕ್ಕೆ ಮೂತಿ ಚಾಚಿದ ಸೀಮೆ ಬ್ರಿಟನಿ. ಅಲ್ಲಿನ ಲ ಫಾವೆತ್ ಎಂಬ ಸಣ್ಣ ಊರಿನಿಂದ ಎರಡೂವರೆ ಕಿಲೋಮೀಟರ್ ದೂರದಲ್ಲಿ ಸಂತ ಫಿಯಾಕ್ರನ ಚಾಪೆಲ್, ಅಂದರೆ ಸಣ್ಣ ಚರ್ಚು, ಇದೆ. ಸುತ್ತ ನಾಲ್ಕಾರು ಮನೆ, ಹೊಲ, ಅಷ್ಟೇ. ಕಟ್ಟಿದ್ದು 15ನೇ ಶತಮಾನದ ಎರಡನೇ ಅರ್ಧದಲ್ಲಿ. ಆಗ ಬ್ರಿಟನಿ ಇನ್ನೂ ಫ್ರಾನ್ಸಿಗೆ ಸೇರಿರಲಿಲ್ಲ, ಅದಕ್ಕೆ ಅದರದೇ ಡ್ಯೂಕ್ ಇದ್ದ. ಫಿಯಾಕ್ರ ಐರ್ಲೆಂಡಿನಿಂದ ಬಂದ ಸನ್ಯಾಸಿ, ತೋಟಗಾರರ ಸಂತ. ಅವನ ವಿಗ್ರಹದ ಕೈಯಲ್ಲಿ ಸಾಮಾನ್ಯವಾಗಿ ಸಲಿಕೆ ಇರುತ್ತದೆ.

ಹೊರಗೆ ಎಲ್ಲವೂ ಬೂದು ಗ್ರಾನೈಟು. ಮುಂದಿನ ಗೋಡೆಯೇ ಮೇಲಕ್ಕೇರಿ ಗಂಟೆಗೋಪುರವಾಗಿದೆ. ಎರಡು ಪಕ್ಕದಲ್ಲೂ ತೆಳ್ಳನೆಯ ಸಣ್ಣ ಗೋಪುರಗಳು. ಅವಕ್ಕೂ ನಡುವಿನದಕ್ಕೂ ಮೇಲೆಯೇ ಕಲ್ಲಿನ ಕಾಲುಸೇತುವೆ. ಜನ ಅದರ ಫೋಟೋ ತೆಗೆದುಕೊಳ್ಳುತ್ತಾರೆ. ತೆಗೆದುಕೊಳ್ಳಲಿ. ಆದರೆ ಒಳಗೆ ಹೋಗಿ, ಒಳಗೆ ಹೋದ ಮೇಲೆ ಹಿಂದಕ್ಕೂ ಹೋಗಿ. ನನಗೆ ಹೇಳಬೇಕಾಗಿರುವುದು ಇದೊಂದೇ.

ಒಳಗೆ ಕಾಲಿಟ್ಟರೆ ಎದುರಿಗೇ ಒಂದು ಮರದ ತೆರೆ. ಭಕ್ತರು ನಿಲ್ಲುವ ಜಾಗಕ್ಕೂ ಪಾದ್ರಿಗಳ ಜಾಗಕ್ಕೂ ನಡುವೆ, ಬಣ್ಣ ಬಳಿದ, ಕಸೂತಿಯ ಹಾಗೆ ಕೊರೆದ ಮರ. ಫ್ರೆಂಚಿನಲ್ಲಿ ಜ್ಯೂಬೆ ಅನ್ನುತ್ತಾರೆ. ಕೆತ್ತಿದವನು ಒಲಿವಿಯೆ ಲ ಲೊಯೆರ್ಗಾನ್, ವರ್ಷ 1480. ಮುಂಬದಿಯಲ್ಲಿ ಶಿಲುಬೆಯ ಮೇಲೆ ಏಸು, ಇಬ್ಬರು ಕಳ್ಳರು, ಮೇರಿ, ಯೋಹಾನ, ಆದಾಮ, ಹವ್ವ. ತುಂಬ ಚೆಂದವಾಗಿದೆ. ನಾನು ಮೊದಲ ಸಲ ಹೋದಾಗ ಅಲ್ಲೇ ಅರ್ಧ ಗಂಟೆ ನಿಂತು, ನೋಡಿದ್ದಾಯಿತು ಎಂದು ಹೊರಟೇ ಬಿಟ್ಟಿದ್ದೆ. ಹೊರಗೆ ಜಿಟಿಜಿಟಿ ಮಳೆ. ಬಾಗಿಲ ಬಳಿ ಕೂತಿದ್ದ ಒಬ್ಬ ಅಜ್ಜಿ ನನ್ನ ತೋಳು ಹಿಡಿದು, ಮಾತೇ ಆಡದೆ, ತೆರೆಯ ನಡುವಿನ ಬಾಗಿಲು ದಾಟಿಸಿ ಹಿಂಬದಿಗೆ ಕರೆದೊಯ್ದು, ಬೆರಳು ಮೇಲೆತ್ತಿ ತೋರಿಸಿದರು.

ಒಬ್ಬ ಮನುಷ್ಯ. ಅವನ ಬಾಯಿಂದ ನರಿಯೊಂದು ಹೊರಗೆ ಬರುತ್ತಿದೆ!

ನನಗೆ ತಲೆಬುಡ ತಿಳಿಯಲಿಲ್ಲ. ಅಜ್ಜಿ ಹೆಬ್ಬೆರಳನ್ನು ಬಾಯಿಗೆ ಹಿಡಿದು ಕುಡಿಯುವ ಸನ್ನೆ ಮಾಡಿದರು, ಆಮೇಲೆ ಹೊಟ್ಟೆ ಹಿಡಿದು ಬಗ್ಗಿದರು. ಆಗ ಹೊಳೆಯಿತು. ಕುಡಿದು ವಾಂತಿ ಮಾಡಿಕೊಳ್ಳುವುದಕ್ಕೆ ಹಳೆಯ ಫ್ರೆಂಚಿನಲ್ಲಿ 'ನರಿಯ ಚರ್ಮ ಸುಲಿಯುವುದು' ಅನ್ನುತ್ತಿದ್ದರು. ಹೆಂಡದಂಗಡಿಯ ಮಾತು ಅದು. ಲ ಲೊಯೆರ್ಗಾನ್ ಆ ನರಿಯನ್ನು ಮರದಲ್ಲಿ ಕಡೆದು ಕುಡುಕನ ಬಾಯಿಗಿಟ್ಟಿದ್ದಾನೆ. ಪಕ್ಕದಲ್ಲೇ ಇನ್ನೊಬ್ಬ ಮರದಿಂದ ಹಣ್ಣು ಕದಿಯುತ್ತಿದ್ದಾನೆ: ಕಳ್ಳತನ. ಒಂದು ಗಂಡು, ಒಂದು ಹೆಣ್ಣು: ಕಾಮ. ಮತ್ತೊಬ್ಬ ಚೀಲದ ವಾದ್ಯ, ಅದೇ ಬ್ಯಾಗ್‌ಪೈಪು, ಊದುತ್ತ ಕೂತಿದ್ದಾನೆ: ಸೋಮಾರಿತನ. ಆ ವಾದ್ಯ ಬ್ರಿಟನಿಯ ಜನರ ಮದುವೆಯಲ್ಲೂ ಹಬ್ಬದಲ್ಲೂ ಊದುವಂಥದ್ದೇ. ಊರ ಜನರೇ ಅಲ್ಲಿದ್ದಾರೆ, ನೋಡಿ!

ಇವೆಲ್ಲ ಯಾರ ಕಡೆ ಮುಖ ಮಾಡಿವೆ? ಜನರ ಕಡೆಗಲ್ಲ, ಪಾದ್ರಿಗಳ ಕಡೆಗೆ. ಪೂಜೆ ಮಾಡುವವರು ತಲೆ ಎತ್ತಿದಾಗಲೆಲ್ಲ ಅವರ ಕಣ್ಣಿಗೆ ಬೀಳುತ್ತಿದ್ದುದು ಕುಡುಕ, ಕಳ್ಳ, ಸೋಮಾರಿ. ಅದಕ್ಕೇ ಹೇಳುವುದು, ಹಿಂಬದಿ ನೋಡಿ. ಮುಂಬದಿ ಕೆತ್ತಿದ್ದು ಇಡೀ ಕ್ರೈಸ್ತ ಲೋಕಕ್ಕೆ ಗೊತ್ತಿದ್ದ ಕಥೆ. ಬಡಗಿ ತನ್ನ ಕಣ್ಣಾರೆ ಕಂಡಿದ್ದನ್ನು ಕೆತ್ತಿದ್ದು ಹಿಂಬದಿಯಲ್ಲಿ.

ಇಂಥ ತೆರೆಗಳು ಒಂದು ಕಾಲಕ್ಕೆ ಫ್ರಾನ್ಸಿನ ತುಂಬ ಇದ್ದವು. 1563ರಲ್ಲಿ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಧರ್ಮಸಭೆ ಮುಗಿದ ಮೇಲೆ, ಪೂಜಾಪೀಠ ಎಲ್ಲರಿಗೂ ಕಾಣಬೇಕೆಂದು ಒಂದೊಂದಾಗಿ ಕಿತ್ತು ಹಾಕಿದರು. ಬ್ರಿಟನಿಯ ಹಳ್ಳಿಗಳಲ್ಲಿ ಕೆಲವು ಉಳಿದುಕೊಂಡವು.

ಕಿಟಕಿಗಳ ಬಣ್ಣದ ಗಾಜಿನ ಬಗ್ಗೆಯೂ ಹೇಳಬೇಕೆಂದಿದ್ದೆ, ಹೊತ್ತು ಸಾಲುತ್ತಿಲ್ಲ. 16ನೇ ಶತಮಾನದ ಕೆಲಸ, ಒಂದು ಕಿಟಕಿಯಲ್ಲಿ ಫಿಯಾಕ್ರನ ಜೀವನವೇ ಇದೆ. ಬೆಳಿಗ್ಗೆ ಹೋದರೆ ಅದರ ಬೆಳಕಿನಲ್ಲೇ ತೆರೆಯನ್ನೂ ನೋಡಬಹುದು. ನಡುವಿನ ಬಾಗಿಲು ದಾಟಿ, ತಿರುಗಿ ನಿಂತು, ತಲೆ ಎತ್ತಿ. ನರಿ ಅಲ್ಲೇ ಇದೆ.

ನಮಸ್ಕಾರ.