ಓಬವ್ವನ ಒನಕೆ ಎಷ್ಟು ಭಾರ?

ನಮಸ್ಕಾರ. ಚಿತ್ರದುರ್ಗದಿಂದ ಮಾತಾಡ್ತಿದೀನಿ.

ಹೋದ ತಿಂಗಳು ನಮ್ಮ ಓಣಿಯ ಹುಡುಗ ಒಬ್ಬ ತಾನೇ ಮಾಡಿದ ಅನಿಮೇಶನ್ ತಂದು ತೋರಿಸಿದ. ನಲವತ್ತು ಸೆಕೆಂಡು. ಕಿಂಡಿ ಪಕ್ಕದಲ್ಲಿ ಓಬವ್ವ, ಒಬ್ಬ ಸೈನಿಕ ತಲೆ ತೂರಿಸ್ತಾನೆ, ಒನಕೆ ಬೀಳುತ್ತೆ. ಬೆಳಕು ಎಷ್ಟು ಚೆನ್ನಾಗಿತ್ತು ಅಂದ್ರೆ ಬಂಡೆ ಮೇಲಿನ ಕಲೆ ಕೂಡ ಕಾಣ್ತಿತ್ತು. ಆದ್ರೆ ಒನಕೆ ಪೊರಕೆ ಹಾಗೆ ಮೇಲೆ ಹೋಯ್ತು, ಪೊರಕೆ ಹಾಗೇ ಕೆಳಗೆ ಬಂತು.

"ನೀನು ಒನಕೆ ಎತ್ತಿದ್ದೀಯೇನೋ?" ಅಂತ ಕೇಳಿದೆ. "ಇಲ್ಲ ಅಣ್ಣ, ನೋಡಿದ್ದೂ ಫೋಟೋದಲ್ಲೇ" ಅಂದ.

ತಪ್ಪು ಅವನದಲ್ಲ. ಅಪ್ಪ ಸಾಲ ಮಾಡಿ ಫೀಸು ಕಟ್ಟಿದ್ದಾರೆ. ಅವನಿಗೆ ಕಲಿಸಿದ್ದು ಯಾವ ಬಟನ್ ಒತ್ತಿದ್ರೆ ಏನಾಗುತ್ತೆ ಅಂತ. ಚಲನೆ ಅಂದ್ರೆ ಏನು ಅಂತ ಯಾರೂ ಕಲಿಸಲಿಲ್ಲ. ಅನಿಮೇಶನ್ ಓದು ಶುರುವಾಗಬೇಕಾದದ್ದು ಅಲ್ಲಿಂದ. ಆಮೇಲೆ ಅದು ಒಂದೇ ವಿಭಾಗದ ಕೋಣೆಯೊಳಗೆ ನಿಲ್ಲೋದಿಲ್ಲ.

ಆ ಒಂದು ಏಟನ್ನೇ ತಗೊಳ್ಳಿ. ಕೈಬಿಟ್ಟ ವಸ್ತು ಮೊದಲ ಕ್ಷಣದಲ್ಲಿ ಒಂದು ಪಾಲು ಇಳಿದ್ರೆ, ಅಷ್ಟೇ ಹೊತ್ತಿನ ಎರಡನೇ ಕ್ಷಣದಲ್ಲಿ ಮೂರು ಪಾಲು, ಮೂರನೇದರಲ್ಲಿ ಐದು ಪಾಲು ಇಳಿಯುತ್ತೆ. ಇದು ಗೆಲಿಲಿಯೋ ಕಂಡುಕೊಂಡ ಲೆಕ್ಕ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಹನ್ನೆರಡು ಚಿತ್ರ ಮುಗಿಯೋ ಅರ್ಧ ಸೆಕೆಂಡಲ್ಲಿ ಸುಮ್ಮನೆ ಬಿಟ್ಟ ಒನಕೆ ಸುಮಾರು 1.2 ಮೀಟರ್ ಇಳಿಯುತ್ತೆ. ಓಬವ್ವ ಸುಮ್ಮನೆ ಬಿಡಲಿಲ್ಲ, ಹೊಡೆದಳು. ಹಾಗಾಗಿ ಇನ್ನೂ ಬೇಗ ಬರಬೇಕು. ಇದು ಭೌತಶಾಸ್ತ್ರ. ಎತ್ತೋಕೆ ಮುಂಚೆ ಮೊಣಕಾಲು ಸ್ವಲ್ಪ ಕುಸೀಬೇಕು, ಸೊಂಟ ತಿರುಗಬೇಕು, ಕೊನೆಗೆ ಭುಜ. ಇದು ಶರೀರಶಾಸ್ತ್ರ. ಆಕೆ ಹೊರಟಿದ್ದು ಯುದ್ಧಕ್ಕಲ್ಲ, ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾಗ ನೀರು ತರೋಕೆ. ನೀರಿಗೆ ಹೊರಟ ಹೆಂಗಸಿನ ನಡಿಗೆ ಬೇರೆ, ಶತ್ರುವನ್ನು ಕಂಡು ಮನೆಗೆ ಓಡಿ ಒನಕೆ ಹಿಡಿದು ಬಂದವಳ ಉಸಿರು ಬೇರೆ. ಅದಕ್ಕೆ ಚರಿತ್ರೆ ಬೇಕು, ಜನಪದ ಬೇಕು. ಕಿಂಡಿಯಲ್ಲಿ ಎಷ್ಟು ಬಗ್ಗಿ ನುಸುಳಬೇಕು ಅನ್ನೋದಕ್ಕೆ ಟೇಪು ಹಿಡಿದು ಕೋಟೆಗೆ ಹೋಗಬೇಕು. ಕೋಟೆ ಇರೋದು ಅವನ ಮನೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ!

ಈ ವಿದ್ಯೆ ಹುಟ್ಟಿದ್ದೇ ಹೀಗೆ. 1832ರಲ್ಲಿ ತಿರುಗೋ ತಟ್ಟೆಯ ಮೇಲಿನ ಚಿತ್ರಗಳು ಕುಣಿಯೋ ಹಾಗೆ ಮಾಡಿದ ಜೋಸೆಫ್ ಪ್ಲಾಟೋ ಬೆಲ್ಜಿಯಂನ ಭೌತವಿಜ್ಞಾನಿ. 1882ರಲ್ಲಿ ಬಂದೂಕಿನ ಆಕಾರದ ಕ್ಯಾಮೆರಾದಿಂದ ಹಕ್ಕಿ ಹಾರೋದನ್ನ ಸೆಕೆಂಡಿಗೆ 12 ಚಿತ್ರವಾಗಿ ಹಿಡಿದ ಎಟಿಯೆನ್ ಮಾರೆ ಶರೀರಶಾಸ್ತ್ರಜ್ಞ, ನಾಡಿ ಬಡಿತ ಅಳೀತಿದ್ದವನು. ನಮ್ಮ ತೊಗಲು ಗೊಂಬೆಯವರೂ ಅಷ್ಟೆ. ಚರ್ಮ ಹದ ಮಾಡೋದು, ಬೆಳಕು ಹಾಯೋ ಹಾಗೆ ತೆಳುವಾಗಿಸೋದು, ಬಣ್ಣ, ಕೀಲು, ಹಾಡು, ರಾತ್ರಿಯೆಲ್ಲ ಕತೆ, ಎಲ್ಲಾ ಒಂದೇ ಮೇಳದಲ್ಲಿ. ಗೊಂಬೆಯ ಕೈ ಎಷ್ಟು ಹೊತ್ತು ಅಲುಗದೆ ನಿಂತ್ರೆ ಕೋಪ, ಎಷ್ಟು ಹೊತ್ತು ನಿಂತ್ರೆ ದುಃಖ ಅಂತ ಗೊತ್ತಿರೋರು ಅವರು. ಅಂಥವರನ್ನ ತರಗತಿಗೆ ಅತಿಥಿಯಾಗಿ ಕರೆದು ಶಾಲು ಹೊದಿಸಿದ್ರೆ ಸಾಲದು, ಪಾಠ ಮಾಡೋಕೆ ಕೂರಿಸಿ ಸಂಬಳ ಕೊಡಬೇಕು ಅನ್ನೋದು ನನ್ನ ಹಟ.

ಈಗ ಆ ಕಡೆಯಿಂದ, ಅಂದ್ರೆ ಬೇರೆ ವಿದ್ಯೆಗಳಿಗೆ ಅನಿಮೇಶನ್ ಏನು ಕೊಡುತ್ತೆ ಅಂತ ನೋಡೋಣ. 2006ರಲ್ಲಿ ಹಾರ್ವರ್ಡ್ ತನ್ನ ಜೀವಶಾಸ್ತ್ರ ವಿದ್ಯಾರ್ಥಿಗಳಿಗಾಗಿ ಜೀವಕೋಶದ ಒಳಗನ್ನ ತೋರಿಸೋ ಅನಿಮೇಶನ್ ಮಾಡಿಸ್ತು. ಅದರಲ್ಲಿ ಕೈನೆಸಿನ್ ಅನ್ನೋ ಪ್ರೋಟೀನ್ ದೊಡ್ಡ ಚೀಲ ಎಳಕೊಂಡು ಹೆಜ್ಜೆ ಮೇಲೆ ಹೆಜ್ಜೆ ಹಾಕುತ್ತೆ, ಥೇಟ್ ದಾವಣಗೆರೆ ಮಾರ್ಕೆಟ್ಟಿನ ಹಮಾಲರ ಹಾಗೆ. ಪುಟಗಟ್ಟಲೆ ಓದಿದ್ರೂ ಕಣ್ಣಿಗೆ ಕಟ್ಟದ್ದು ಹತ್ತು ಸೆಕೆಂಡಲ್ಲಿ ಕಟ್ಟುತ್ತೆ. ಆದ್ರೆ ನಿಜವಾದ ಕೋಶದೊಳಗೆ ಅಷ್ಟು ಖಾಲಿ ಜಾಗ ಇಲ್ಲ, ಸಂತೆಯ ನೂಕುನುಗ್ಗಲು. ನಡಿಗೆಯೂ ಅಷ್ಟು ನೇರ ಅಲ್ಲ, ತಡವರಿಸಿ ತಡವರಿಸಿ. ಎಷ್ಟು ಬಿಡಬೇಕು, ಎಷ್ಟು ತೋರಿಸಬೇಕು ಅನ್ನೋದನ್ನ ಡಾಕ್ಟರೊಬ್ಬರೇ ತೀರ್ಮಾನ ಮಾಡೋಕಾಗಲ್ಲ, ಚಿತ್ರಗಾರನೊಬ್ಬನೇ ಮಾಡೋಕೂ ಆಗಲ್ಲ.

ದಾವಣಗೆರೆ ನೋಡ್ರಿ. ಮೆಡಿಕಲ್ ಕಾಲೇಜು, ಇಂಜಿನಿಯರಿಂಗ್ ಕಾಲೇಜು, ದೃಶ್ಯಕಲಾ ಕಾಲೇಜು, ಮೂರೂ ಒಂದೇ ಊರಲ್ಲಿ. ಮೂರೂ ಕಡೆಯ ಹುಡುಗರು ಸಂಜೆ ಒಂದೇ ದೋಸೆ ಹೋಟೆಲಲ್ಲಿ ಕೂತಿರ್ತಾರೆ, ಬೇರೆ ಬೇರೆ ಟೇಬಲ್ಲಲ್ಲಿ. ಒಂದು ಸೆಮಿಸ್ಟರ್ ಒಂದೇ ಟೇಬಲ್ಲಿಗೆ ಕೂರಿಸಿ, ಮಂಡಿ ಸವೆತ ಹೇಗಾಗುತ್ತೆ ಅಂತ ರೈತನಿಗೆ ಅರ್ಥ ಆಗೋ ಹಾಗೆ ಮೂರು ನಿಮಿಷದ್ದು ಮಾಡಿ ಅಂದ್ರೆ ಸಾಕು, ಅದೇ ಕೋರ್ಸು.

ಅನಿಮೇಶನ್ನಿಗೆ ಪ್ರತ್ಯೇಕ ನೀತಿ ತಂದ ಮೊದಲ ರಾಜ್ಯ ನಮ್ಮದು, 2012ರಲ್ಲಿ. 2024ರಲ್ಲಿ ಹೊಸದೂ ಬಂತು. ಸಂತೋಷ. ಕೆಲಸ ಸಿಗಬೇಕಲ್ಲ ಅಂತ ಅಪ್ಪ-ಅಮ್ಮ ಕೇಳೋದೂ ನ್ಯಾಯವೇ. ಆದ್ರೆ ಇವತ್ತು ಕಲಿತ ಸಾಫ್ಟ್‌ವೇರ್ ಐದು ವರ್ಷಕ್ಕೆ ಹಳೇದಾಗುತ್ತೆ, ಭಾರ ಎತ್ತೋ ಮೈ ಬದಲಾಗಲ್ಲ.

ಆ ಹುಡುಗನನ್ನ ನಮ್ಮ ಅಜ್ಜಿ ಹತ್ರ ಕರಕೊಂಡು ಹೋದೆ. ಎಂಬತ್ತು ದಾಟಿದೆ, ಆದ್ರೂ ಒನಕೆ ಕಂಡ ಕೂಡಲೇ ಎದ್ದು ನಿಂತಳು. ನಾಲ್ಕು ಪೆಟ್ಟು ಹಾಕಿದಳು. ಹುಡುಗ ಫೋನಲ್ಲಿ ಹಿಡಿದು ಒಂದೊಂದೇ ಫ್ರೇಮ್ ಸರಿಸಿ ನೋಡಿದ. ಒನಕೆ ಮೇಲೇರಿದಾಗ ಅಜ್ಜಿ ಅದನ್ನ ಬಲಗೈಯಿಂದ ಎಡಗೈಗೆ ದಾಟಿಸ್ತಿದ್ದಳು. ಆ ಒಂದು ಗಳಿಗೆ ಒನಕೆ ಯಾರ ಕೈಯಲ್ಲೂ ಇರಲಿಲ್ಲ.

"ಅಜ್ಜಿ, ಇನ್ನೊಂದ್ಸಲ" ಅಂದ.