ಪಬ್‌ನಲ್ಲಿ ಪ್ರಾರ್ಥನೆ, ಚರ್ಚ್‌ನಲ್ಲಿ ಜ್ಯೂಸ್!

ಕೈಯಲ್ಲಿ ಬಿಯರ್ ಗ್ಲಾಸು, ಬಾಯಲ್ಲಿ ದೇವರ ಹಾಡು. ಜೋಕಲ್ಲ. ಬ್ರಿಟನ್, ಅಮೆರಿಕಗಳಲ್ಲಿ ಕೆಲವು ಚರ್ಚ್‌ನವರು ಪಬ್‌ಗಳಲ್ಲೇ ಸೇರಿ ಹೀಗೆ ಹಾಡುತ್ತಾರೆ. 'ಬಿಯರ್ ಅಂಡ್ ಹಿಮ್ಸ್' ಅಂತಲೇ ಅದರ ಹೆಸರು. ಇದನ್ನು ಹೇಳಿದ ತಕ್ಷಣ ನೀವೆಲ್ಲ ಕೇಳುವುದು ಒಂದೇ: "ಕ್ರೈಸ್ತರು ಕುಡಿಯಬಾರದು ಅಲ್ವಾ?"

ಬೈಬಲ್ ವಿಷಯ ಬೇಗ ಮುಗಿಸೋಣ. ಅಮಲೇರುವಷ್ಟು ಕುಡಿಯಬೇಡಿ ಅಂತ ಇದೆ. ಆದರೆ ಯಾರೂ ಮುಟ್ಟಲೇಬೇಡಿ ಅಂತ ಇಲ್ಲ. ಹೊಟ್ಟೆ ಸರಿಯಿಲ್ಲದಿದ್ದರೆ ಸ್ವಲ್ಪ ದ್ರಾಕ್ಷಾರಸ ತಗೋ ಅಂತ ಪೌಲನ ಪತ್ರದಲ್ಲಿ ಸಲಹೆಯೇ ಇದೆ. ಕಾನಾ ಊರಿನ ಮದುವೆಯಲ್ಲಿ ಯೇಸು ನೀರನ್ನು ದ್ರಾಕ್ಷಾರಸ ಮಾಡಿದ್ದು ಆರು ಕಲ್ಲಿನ ಬಾನೆಗಳಲ್ಲಿ. ಕಡಿಮೆ ಅಂದರೂ 450 ಲೀಟರ್!

ಈಗ ನೀವು "ದ್ರಾಕ್ಷಾರಸ ಅಂದರೆ ಜ್ಯೂಸ್ ತಾನೇ?" ಅನ್ನಬಹುದು. ನಮ್ಮ ಕನ್ನಡ ಪದವೇ ಇಲ್ಲಿ ಆಟ ಆಡಿಸುತ್ತದೆ. ವೈನ್‌ಗೂ ಅದೇ ಪದ, ಜ್ಯೂಸ್‌ಗೂ ಅದೇ ಪದ. ಆದರೆ ಆ ಕಾಲದಲ್ಲಿ ಜ್ಯೂಸ್ ಅನ್ನು ಜ್ಯೂಸ್ ಆಗಿಯೇ ಇಟ್ಟುಕೊಳ್ಳುವುದು ಸುಲಭವಿರಲಿಲ್ಲ. ದ್ರಾಕ್ಷಿಯ ಸಿಪ್ಪೆ ಮೇಲೇ ಯೀಸ್ಟ್ ಕೂತಿರುತ್ತದೆ. ಹಿಂಡಿ ಸುಮ್ನೆ ಬಿಟ್ಟರೆ ಸಾಕು, ಕೆಲವೇ ದಿನದಲ್ಲಿ ನೊರೆಯೆದ್ದು ಹುಳಿತು ವೈನ್ ಆಗುವ ದಾರಿ ಹಿಡಿಯುತ್ತದೆ.

ಇದನ್ನು ನಿಲ್ಲಿಸಿದ್ದು ಯಾರು? ಪಾದ್ರಿ ಅಲ್ಲ, ಪೋಪ್ ಅಲ್ಲ. ಒಬ್ಬ ಹಲ್ಲಿನ ಡಾಕ್ಟರ್!

[ಸ್ಕ್ರೀನ್: ದ್ರಾಕ್ಷಿ ಗೊಂಚಲು, ಪಕ್ಕದಲ್ಲಿ ಹಲ್ಲು ಕೀಳುವ ಇಕ್ಕಳ]

ಹೆಸರು ಥಾಮಸ್ ಬ್ರಾಮ್‌ವೆಲ್ ವೆಲ್ಚ್. ಊರು ನ್ಯೂಜೆರ್ಸಿಯ ವೈನ್‌ಲ್ಯಾಂಡ್. (ಊರಿನ ಹೆಸರು ನಾನು ಕಟ್ಟಿದ್ದಲ್ಲ, ಆಣೆ.) ಪಕ್ಕಾ ಮೆಥಡಿಸ್ಟ್ (ಪ್ರಾಟೆಸ್ಟಂಟ್ ಕ್ರೈಸ್ತರ ಒಂದು ಪಂಗಡ), ಮದ್ಯ ಅಂದರೆ ಆಗದು. ಆದರೆ ಚರ್ಚ್‌ನಲ್ಲಿ ರೊಟ್ಟಿ, ವೈನ್ ಹಂಚುವ ವಿಧಿ, ಅಂದರೆ ಪ್ರಭುಭೋಜನದಲ್ಲಿ ವೈನ್ ಬೇಕೇ ಬೇಕು. ಏನು ಮಾಡುವುದು? ಫ್ರಾನ್ಸ್‌ನಲ್ಲಿ ವಿಜ್ಞಾನಿ ಲೂಯಿ ಪಾಶ್ಚರ್, ವೈನ್ ಕೆಡದಿರಲಿ ಅಂತ ಅದನ್ನು ಹದವಾಗಿ ಬಿಸಿ ಮಾಡುವ ವಿಧಾನ ಕಂಡುಹಿಡಿದಿದ್ದರು. ವೆಲ್ಚ್ ಅದನ್ನೇ ಉಲ್ಟಾ ಮಾಡಿದರು. 1869ರಲ್ಲಿ ಅಡುಗೆಮನೆಯಲ್ಲಿ ದ್ರಾಕ್ಷಿ ಹಿಂಡಿ, ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಿ, ಬಿಸಿನೀರಿನಲ್ಲಿ ಮುಳುಗಿಸಿಟ್ಟರು. ಯೀಸ್ಟ್ ಸತ್ತಿತು, ಜ್ಯೂಸ್ ಉಳಿಯಿತು. ಪಾಶ್ಚರ್ ವೈನ್ ಉಳಿಸಲು ಹುಡುಕಿದ ಉಪಾಯ, ವೆಲ್ಚ್ ಕೈಯಲ್ಲಿ ವೈನ್ ಆಗದಂತೆ ತಡೆಯುವ ಉಪಾಯವಾಯಿತು! ನನಗಂತೂ ಈ ಕಥೆ ಎಷ್ಟು ಸಲ ಹೇಳಿದರೂ ಬೇಜಾರಿಲ್ಲ.

ಅದಕ್ಕೆ ಅವರಿಟ್ಟ ಹೆಸರು 'ಹುಳಿಯದ ವೈನ್'. ಚರ್ಚ್‌ಗಳು ಮೊದಮೊದಲು ಕ್ಯಾರೇ ಅನ್ನಲಿಲ್ಲ. ವೆಲ್ಚ್ ಬೇಸತ್ತು ಕೈಬಿಟ್ಟರು. ಮಗ ಚಾರ್ಲ್ಸ್ ಹಿಡಿದರು. ಅವರೂ ಹಲ್ಲಿನ ಡಾಕ್ಟರೇ. 1893ರ ಶಿಕಾಗೋ ವಿಶ್ವಮೇಳದ ಹೊತ್ತಿಗೆ ಅದು ದೊಡ್ಡ ವ್ಯಾಪಾರವಾಗುವ ದಾರಿಯಲ್ಲಿತ್ತು. ಇವತ್ತಿಗೂ ವೆಲ್ಚ್ ಹೆಸರಿನ ಜ್ಯೂಸ್ ಮಾರಾಟವಾಗುತ್ತಿದೆ.

ಮದ್ಯದ ಮೇಲೆ ಅಷ್ಟೊಂದು ಸಿಟ್ಟು ಯಾಕೆ ಅಂದರೆ, ಕಾರಣ ಇತ್ತು. 1830ರ ಸುಮಾರಿಗೆ ಅಮೆರಿಕದ ದೊಡ್ಡವರು ತಲೆಗೆ ವರ್ಷಕ್ಕೆ ಸುಮಾರು 26 ಲೀಟರ್ ಶುದ್ಧ ಆಲ್ಕೋಹಾಲ್‌ನಷ್ಟು ಕುಡಿಯುತ್ತಿದ್ದರು ಅಂತ ಇತಿಹಾಸಕಾರರ ಅಂದಾಜು. ಮನೆಮನೆ ಹಾಳಾಗುತ್ತಿತ್ತು.

ವೆಲ್ಚ್ ಕಾಲದಲ್ಲೇ ಲಂಡನ್‌ನಲ್ಲಿ ವಿಲಿಯಂ ಬೂತ್ ಅನ್ನೋ ಬೋಧಕರು ಬೇರೆ ದಾರಿ ಹಿಡಿದರು. 1865ರಲ್ಲಿ 'ಬ್ಲೈಂಡ್ ಬೆಗ್ಗರ್' ಅನ್ನೋ ಪಬ್‌ನ ಹೊರಗೇ ನಿಂತು ಬೋಧಿಸಿದರು. ಮುಂದೆ ಅದೇ ಸಾಲ್ವೇಶನ್ ಆರ್ಮಿ ಅನ್ನೋ ಕ್ರೈಸ್ತ ಸೇವಾ ಸಂಸ್ಥೆ ಆಯಿತು. ಅದರ ಸದಸ್ಯರು ಮದ್ಯ ಮುಟ್ಟುವುದಿಲ್ಲ. ಆದರೆ ಕುಡುಕರ ನಡುವೆ ಹೋಗಲು ಮುಜುಗರವಿಲ್ಲ. ಕುಡಿತದ ಹಾಡಿನ ಧಾಟಿಗೇ ದೇವರ ಹಾಡು ಕೂರಿಸಿದ್ದೂ ಉಂಟು. ಹಾಗಾಗಿ ಇವತ್ತಿನ ಪಬ್ ಹಾಡುಗಾರರು ತಾವೇ ಮೊದಲು ಅಂದುಕೊಂಡಿದ್ದರೆ, ಪಾಪ, ನೂರು ವರ್ಷಕ್ಕೂ ಜಾಸ್ತಿ ಲೇಟು.

ಟೈಮ್ ಆಯ್ತು, ಉಳಿದದ್ದು ಒಂದೇ ಉಸಿರಿಗೆ. ಕ್ಯಾಥೊಲಿಕ್ ಪೂಜೆಗೆ ಇವತ್ತಿಗೂ ದ್ರಾಕ್ಷಿಯ ವೈನೇ ಬೇಕು. ಕುಡಿತದ ಚಟವಿರುವ ಪಾದ್ರಿಗೆ ಅನುಮತಿ ಪಡೆದು ತೀರಾ ಕಡಿಮೆ ಹುಳಿತ ರಸ ಬಳಸಲು ಅವಕಾಶವಿದೆ. ಬೆಲ್ಜಿಯಂನಲ್ಲಿ ಟ್ರ್ಯಾಪಿಸ್ಟ್ ಅನ್ನೋ ಕ್ಯಾಥೊಲಿಕ್ ಸನ್ಯಾಸಿಗಳು ಮಠದಲ್ಲೇ ಬಿಯರ್ ಮಾಡುತ್ತಾರೆ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇದ್ದಾಗಲೂ ಪೂಜೆಯ ವೈನ್‌ಗೆ ವಿನಾಯಿತಿ ಇತ್ತು. 1981ರಲ್ಲಿ ಶಿಕಾಗೋ ಕಡೆಯ ಕ್ಯಾಥೊಲಿಕರು ಯುವಜನರಿಗಾಗಿ 'ಥಿಯಾಲಜಿ ಆನ್ ಟ್ಯಾಪ್' ಅನ್ನೋ ದೇವರ ವಿಷಯದ ಮಾತುಕತೆ ಶುರು ಮಾಡಿದರು. ಆಮೇಲೆ ಅದು ಎಷ್ಟೋ ಊರಿನ ಬಾರ್‌ಗಳಿಗೆ ಹಬ್ಬಿತು.

ಕೊನೆಗೆ ಒಂದು ಫೋಟೋ. ಪಿಟ್ಸ್‌ಬರ್ಗ್‌ನ ಒಂದು ಹಳೇ ಚರ್ಚ್ ಮುಚ್ಚಿಹೋಗಿ, 1996ರಲ್ಲಿ ಬಿಯರ್ ತಯಾರಿಸುವ ರೆಸ್ಟೋರೆಂಟ್ ಆಯಿತು. ಹಳೇ ಬೆಂಚುಗಳನ್ನೇ ಕತ್ತರಿಸಿ ಸೀಟು ಮಾಡಿದ್ದಾರೆ. ಬಲಿಪೀಠದ ಜಾಗದಲ್ಲಿ ಹೊಳೆಯುವ ಬಿಯರ್ ಟ್ಯಾಂಕುಗಳು. ಪಾದ್ರಿ ವೈನ್ ಬಟ್ಟಲು ಎತ್ತುತ್ತಿದ್ದದ್ದೂ ಸರಿಯಾಗಿ ಅಲ್ಲೇ.