ಸಾಲ, ನಗೆ ಮತ್ತು ನಕ್ಷತ್ರಿಕ

ಕೇಳುಗರೆಲ್ಲರಿಗೂ ನಮಸ್ಕಾರ.

ಹಳೆಯ ದಿನಸಿ ಅಂಗಡಿಗಳ ಗೋಡೆಯ ಮೇಲಿನ ಒಂದು ಚಿತ್ರ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಒಂದೇ ಚೌಕಟ್ಟಿನೊಳಗೆ ಇಬ್ಬರು ವ್ಯಾಪಾರಿಗಳು. ಒಬ್ಬ ನಗದು ವ್ಯಾಪಾರಿ. ಮೈಕೈ ತುಂಬಿಕೊಂಡ ಆಸಾಮಿ, ಒಳ್ಳೆಯ ಉಡುಪು, ಪಕ್ಕದಲ್ಲಿ ಬಾಗಿಲು ತೆರೆದ ತಿಜೋರಿ, ಅದರ ತುಂಬ ಹಣ. ಇನ್ನೊಬ್ಬ ಉದ್ರಿ ವ್ಯಾಪಾರಿ. ಎಲುಬು ಎಣಿಸಬಹುದಾದ ಮೈ, ತಲೆಯ ಮೇಲೆ ಕೈ, ಬರಿದಾದ ತಿಜೋರಿ, ನೆಲದ ತುಂಬ ಚೆಲ್ಲಾಡಿದ ಲೆಕ್ಕದ ಚೀಟಿಗಳು, ಅವುಗಳ ನಡುವೆ ಓಡಾಡುವ ಇಲಿಗಳು.

ಈ ಚಿತ್ರದ ಕೆಳಗೇ ನಿಂತು ಗಿರಾಕಿ ಹೇಳುತ್ತಾನೆ, "ಅಣ್ಣಾ, ಅರ್ಧ ಕಿಲೋ ಬೆಲ್ಲ ಕೊಡಿ, ಬರೆದುಕೊಳ್ಳಿ." ಅಂಗಡಿಯವರು ಮಾತನಾಡುವುದಿಲ್ಲ. ಕಣ್ಣೆತ್ತಿ ಚಿತ್ರದ ಕಡೆಗೆ ನೋಡುತ್ತಾರೆ. ಗಿರಾಕಿಯೂ ನೋಡುತ್ತಾನೆ. ಇಬ್ಬರಿಗೂ ನಗು ಬರುತ್ತದೆ. ಬೆಲ್ಲ ತಕ್ಕಡಿಗೆ ಬೀಳುತ್ತದೆ, ಲೆಕ್ಕ ಪುಸ್ತಕಕ್ಕೆ ಏರುತ್ತದೆ. ಆ ನಗುವಿನ ಬಗ್ಗೆಯೇ ಇವತ್ತು ನಾನು ಮಾತನಾಡಬೇಕೆಂದಿರುವುದು. ಸಾಲದಂಥ ಬಿಸಿ ತುಪ್ಪದಿಂದ ಕನ್ನಡಿಗರು ತಲೆಮಾರುಗಳಿಂದ ನಗೆಯನ್ನು ತೆಗೆಯುತ್ತ ಬಂದಿದ್ದಾರೆ. ನನಗೆ ಅದು ಬಹಳ ದೊಡ್ಡ ವಿದ್ಯೆಯಾಗಿ ಕಾಣುತ್ತದೆ.

ಚಿತ್ರ ಇಲ್ಲದ ಅಂಗಡಿಯಲ್ಲಿ ಬೋರ್ಡಾದರೂ ಇರುತ್ತದೆ: "ಇಂದು ನಗದು, ನಾಳೆ ಉದ್ರಿ." ಮರುದಿನ ಹೋದರೂ ಬೋರ್ಡು ಅದೇ ಮಾತನ್ನು ಹೇಳುತ್ತದೆ. ಇದೇ ಉಪಾಯವನ್ನು ನಮ್ಮ ಜನ ದೆವ್ವದ ಮೇಲೂ ಪ್ರಯೋಗಿಸಿದರು. 1990ರ ದಶಕದಲ್ಲಿ ಬೆಂಗಳೂರಿನಲ್ಲಿಯೂ ಸುತ್ತಮುತ್ತಲ ಊರುಗಳಲ್ಲಿಯೂ ಮನೆಮನೆಯ ಬಾಗಿಲಿನ ಮೇಲೆ "ನಾಳೆ ಬಾ" ಎಂಬ ಬರಹ ಕಾಣಿಸಿಕೊಂಡಿತು. ರಾತ್ರಿ ಹೊತ್ತು ಹೆಣ್ಣು ದೆವ್ವವೊಂದು ಬಂದು, ಪರಿಚಿತರ ದನಿಯಲ್ಲಿ ಕರೆದು ಬಾಗಿಲು ತಟ್ಟುತ್ತದೆ ಎಂಬ ವದಂತಿ. ಬರಹ ಓದಿದ ದೆವ್ವ ಹಿಂದಿರುಗುತ್ತದೆ, ಮಾರನೆಯ ರಾತ್ರಿ ಬಂದು ಅದನ್ನೇ ಓದಿ ಮತ್ತೆ ಹಿಂದಿರುಗುತ್ತದೆ. ಅಷ್ಟು ಭಯದ ನಡುವೆಯೂ ಇಂಥ ಯುಕ್ತಿ ಹೊಳೆಯಬೇಕಾದರೆ, ಬಾಗಿಲಿಗೆ ಬಂದವರಿಗೆ ವಾಯಿದೆ ಹೇಳಿ ಕಳಿಸುವ ಅಭ್ಯಾಸ ಮೊದಲೇ ಚೆನ್ನಾಗಿ ಕೈಗೂಡಿರಬೇಕು!

ಸಾಲದ ಸುಖದುಃಖವನ್ನು ಸರ್ವಜ್ಞ ಮೂರು ಸಾಲಿನಲ್ಲಿ ಮುಗಿಸಿದ. "ಸಾಲವನು ಕೊಂಬಾಗ ಹಾಲೋಗರುಂಡಂತೆ" ಎಂದು ಶುರು ಮಾಡುತ್ತಾನೆ. ಹಾಲು ಅನ್ನ ಉಂಡಷ್ಟು ಹಿತ. ಕೊಟ್ಟವನು ಬಂದು ಎಳೆಯುವಾಗ ಮಾತ್ರ "ಕಿಬ್ಬದಿಯ ಕೀಲು ಮುರಿದಂತೆ." ಹಾಲಿನ ಅನ್ನದಿಂದ ಹೊರಟು ಪಕ್ಕೆಯ ಮೂಳೆಗೆ ಬಂದು ನಿಲ್ಲುವ ಆ ವೇಗ ನೋಡಿ. ಕೇಳಿದವನು ನಗುತ್ತಾನೆ, ಜೊತೆಗೆ ತನ್ನ ಪಕ್ಕೆಯನ್ನೂ ಮುಟ್ಟಿ ನೋಡಿಕೊಳ್ಳುತ್ತಾನೆ. ಕೊಟ್ಟವನ ಪಾಡಿಗೂ ನಮ್ಮಲ್ಲಿ ಗಾದೆಯಿದೆ: ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ದೇವರನ್ನೂ ನಮ್ಮವರು ಬಿಟ್ಟಿಲ್ಲ. ತಿರುಪತಿ ತಿಮ್ಮಪ್ಪ ಮದುವೆಗೆಂದು ಕುಬೇರನಿಂದ ಸಾಲ ಪಡೆದು ಇವತ್ತಿಗೂ ಬಡ್ಡಿ ಕಟ್ಟುತ್ತಿದ್ದಾನೆ ಎಂಬ ಕಥೆಯನ್ನು ಭಕ್ತರು ಎಷ್ಟು ಪ್ರೀತಿಯಿಂದ ಹೇಳುತ್ತಾರೆ! ಹೆಣ್ಣುಮಕ್ಕಳ ಮದುವೆಗೆ ಸಾಲ ಮಾಡಿದ ಎಷ್ಟೋ ತಂದೆಯರಿಗೆ ಆ ಕಥೆಯೊಂದು ಸಮಾಧಾನ.

ಇವೆಲ್ಲವನ್ನೂ ಮೀರಿಸಿದವನು ನಕ್ಷತ್ರಿಕ. ಕನ್ನಡದ ಹಾಸ್ಯಪಾತ್ರಗಳಲ್ಲಿ ನನಗೆ ಅವನೇ ಮೊದಲಿಗ. ಅವನು ಹುಟ್ಟಿರುವುದು ಹರಿಶ್ಚಂದ್ರನ ಕಥೆಯಲ್ಲಿ, ನಾವು ಅಳುವುದಕ್ಕೆಂದೇ ಹೋಗಿ ಕುಳಿತುಕೊಳ್ಳುವ ಕಥೆಯಲ್ಲಿ. ಹಂಪೆಯ ರಾಘವಾಂಕ ಅದನ್ನು ಷಟ್ಪದಿಯಲ್ಲಿ ಹಾಡಿ ಸುಮಾರು ಎಂಟು ಶತಮಾನಗಳಾದವು. ವಿಶ್ವಾಮಿತ್ರ ಕೇಳಿದ ಧನವೆಷ್ಟು? ಆನೆಯ ಮೇಲೆ ನಿಂತ ಬಲಶಾಲಿಯೊಬ್ಬ ಮೇಲಕ್ಕೆ ಎಸೆದದ್ದು ಎಷ್ಟು ಎತ್ತರ ಹೋಗುವುದೋ ಅಷ್ಟೆತ್ತರದ ಹೊನ್ನಿನ ರಾಶಿ. ರಾಜ್ಯವೂ ಕೈಬಿಟ್ಟ ಮೇಲೆ ರಾಜ, ರಾಣಿ, ಎಳೆಯ ಮಗ ಬರಿಗಾಲಿನಲ್ಲಿ ಕಾಶಿಯ ದಾರಿ ಹಿಡಿಯುತ್ತಾರೆ. ಬಾಕಿ ವಸೂಲಿಗೆಂದು ಮುನಿ ತನ್ನ ಕಡೆಯ ನಕ್ಷತ್ರಿಕನನ್ನು ಬೆನ್ನಿಗೆ ಹಚ್ಚುತ್ತಾನೆ.

ನಮ್ಮ ಕಂಪನಿ ನಾಟಕಗಳೂ ಹಳ್ಳಿಯ ಪೌರಾಣಿಕ ನಾಟಕಗಳೂ ಈ ದಾರಿಯನ್ನು ಹಿಗ್ಗಿಸಿ ಹಿಗ್ಗಿಸಿ ಬೆಳೆಸಿದವು. ನಾನು ನೋಡಿದ ಒಂದು ಊರ ನಾಟಕದ ದೃಶ್ಯ ಹೇಳುತ್ತೇನೆ. ಹಿಂದೆ ಕಾಡಿನ ಪರದೆ. ರಾಜ ನಾಲ್ಕು ಹೆಜ್ಜೆ ನಡೆದು ಶೋಕದ ಕಂದವೊಂದನ್ನು ಎತ್ತಿಕೊಂಡಿದ್ದಾನೆ, ಹಾರ್ಮೋನಿಯಂ ಮೇಷ್ಟ್ರು ಕಣ್ಣು ಮುಚ್ಚಿ ಶ್ರುತಿ ಹಿಡಿದಿದ್ದಾರೆ, ಮುಂದಿನ ಸಾಲಿನ ಹೆಂಗಸರ ಸೆರಗು ಕಣ್ಣಿಗೆ ಹೋಗಿದೆ. ಅಷ್ಟರಲ್ಲಿ ನಕ್ಷತ್ರಿಕ ರಂಗದ ನಟ್ಟನಡುವೆ ಧೊಪ್ಪನೆ ಕುಳಿತ. ಕಾಲು ನೀಡಿದ. ಹಿಮ್ಮಡಿ ತಿರುಗಿಸಿ ಪೆಟ್ರೋಮ್ಯಾಕ್ಸ್ ಬೆಳಕಿಗೆ ಹಿಡಿದು ಮುಳ್ಳು ಹುಡುಕತೊಡಗಿದ.

"ಏಳಿ ಸ್ವಾಮಿ, ಕಾಶಿ ಇನ್ನು ಹತ್ತಿರ" ಎಂದ ರಾಜ.

"ನಿನ್ನೆಯೂ ಹತ್ತಿರವೇ ಇತ್ತಲ್ಲ ಮಹಾರಾಜ! ಸಾಲಗಾರನ ನಾಳೆಯನ್ನೂ ಸಾಲಗಾರನ ಕಾಶಿಯನ್ನೂ ಮುಟ್ಟಿದವರು ಉಂಟೇ?"

ಪೆಂಡಾಲು ಹಾರಿಹೋಗುವಂಥ ನಗು. ಅವನು ಅಷ್ಟಕ್ಕೇ ಬಿಡಲಿಲ್ಲ. ಹಸಿವು ಎಂದ, ನೀರಡಿಕೆ ಎಂದ, ತನ್ನನ್ನು ಹೊತ್ತುಕೊಂಡು ನಡೆ ಎಂದ. ಮುನಿಗಳ ಸಾಲ ಕೊಟ್ಟ ಮೇಲೆ ತನ್ನ ಕಾಲಿನ ಕೂಲಿಯನ್ನು ಬೇರೆಯಾಗಿ ಎಣಿಸಬೇಕೆಂದ. ಕೊನೆಗೆ ಸಭೆಯ ಕಡೆಗೆ ತಿರುಗಿ, "ಇಲ್ಲಿ ಕುಳಿತವರಲ್ಲಿ ಎಷ್ಟು ಜನರ ಬೆನ್ನ ಹಿಂದೆ ನನ್ನ ತಮ್ಮಂದಿರು ನಿಂತಿದ್ದಾರೆ ಎಂದು ಗೊತ್ತಿದೆ" ಎಂದಾಗ ಗಂಡಸರ ಕಡೆ ಎದ್ದ ಕೇಕೆ ಬಹಳ ಹೊತ್ತು ಇಳಿಯಲಿಲ್ಲ. ಅವತ್ತು ನಕ್ಕವರಲ್ಲಿ ಬೆಳೆ ಸಾಲ ಇಲ್ಲದವರು ವಿರಳ.

1965ರಲ್ಲಿ ತೆರೆಗೆ ಬಂದ 'ಸತ್ಯ ಹರಿಶ್ಚಂದ್ರ'ದಲ್ಲಿ ರಾಜಕುಮಾರ್ ಅವರ ಹರಿಶ್ಚಂದ್ರನ ಬೆನ್ನು ಹತ್ತಿದ ನಕ್ಷತ್ರಿಕ ನರಸಿಂಹರಾಜು. ತಿಪಟೂರಿನಲ್ಲಿ ಹುಟ್ಟಿ, ಎಳವೆಯಲ್ಲೇ ನಾಟಕ ಕಂಪನಿ ಸೇರಿ ಬೆಳೆದ ಕಲಾವಿದ. ಇಬ್ಬರೂ 1954ರ 'ಬೇಡರ ಕಣ್ಣಪ್ಪ'ದಿಂದಲೇ ಜೊತೆಗಾರರು. ಉಬ್ಬು ಹಲ್ಲು, ಸಣಕಲು ಮೈ, ಸರ್ರನೆ ಏರಿ ಇಳಿಯುವ ದನಿ. ಆ ಮೈಕಟ್ಟೇ ಅರ್ಧ ಕೆಲಸ ಮಾಡುತ್ತಿತ್ತು. ಆಜಾನುಬಾಹು ರಾಜನನ್ನು ಇಷ್ಟೇ ಇಷ್ಟು ಮನುಷ್ಯ ಗದರಿಸುವುದನ್ನು ನೋಡುವುದೇ ಒಂದು ಸುಖ. 2008ರಲ್ಲಿ ಅದೇ ಚಿತ್ರ ಬಣ್ಣ ತುಂಬಿಕೊಂಡು ಮತ್ತೆ ಬಂತು, ಮೊಮ್ಮಕ್ಕಳ ಕಾಲದವರಿಗೂ ಅವನ ಪರಿಚಯವಾಯಿತು. ಬೆನ್ನು ಬಿಡದೆ ಪೀಡಿಸುವವರನ್ನು ಜನ ಇವತ್ತಿಗೂ ನಕ್ಷತ್ರಿಕ ಎಂದೇ ಕರೆಯುತ್ತಾರೆ.

ಇಷ್ಟು ಕಾಟ ಕೊಡುವವನ ಮೇಲೆ ನಮಗೆ ಸಿಟ್ಟು ಬರಬೇಕಿತ್ತು, ನಗು ಏಕೆ ಬರುತ್ತದೆ? ನನಗೆ ತೋರುವ ಕಾರಣ ಇದು: ಅವನೂ ನಡೆಯುತ್ತಿದ್ದಾನೆ. ರಾಜನ ಕಾಲಿಗೆ ಚುಚ್ಚಿದ ಮುಳ್ಳೇ ಅವನ ಕಾಲಿಗೂ ಚುಚ್ಚಿದೆ. ರಾಜ ಉಪವಾಸ ಬಿದ್ದ ದಿನ ಅವನಿಗೂ ಅನ್ನವಿಲ್ಲ. ಹೊನ್ನು ಬಂದರೆ ಅದು ಮುನಿಗೆ, ನಡೆದ ನೋವು ಮಾತ್ರ ಇವನಿಗೆ. ಕೊಡಬೇಕಾದವನೂ ಕೇಳಬೇಕಾದವನೂ ಒಂದೇ ಬಿಸಿಲಿನಲ್ಲಿ ಬೇಯುತ್ತಿರುವುದರಿಂದ ನಗೆಗೆ ಅಲ್ಲಿ ಜಾಗ ಸಿಕ್ಕಿತು. ಬೆಲ್ಲ ತೂಗಿ ಕೊಟ್ಟ ಅಂಗಡಿಯವರೂ ಅದೇ ಬೀದಿಯವರು, ಗಿರಾಕಿಯ ಮನೆಯ ಹಬ್ಬ, ಕಾಯಿಲೆ ಎಲ್ಲ ಬಲ್ಲವರು.

ಮೊಬೈಲಿನಲ್ಲಿ ದಿನವಿಡೀ ಬೆದರಿಸುವ ಇಂದಿನ ವಸೂಲಿಯಲ್ಲಿ ನಗುವಂಥದ್ದು ಏನೂ ಇಲ್ಲ. ಆ ದನಿಗೆ ಕಾಲೂ ಇಲ್ಲ, ದಾರಿಯೂ ಇಲ್ಲ. ಕಿರುಸಾಲದ ಕಿರುಕುಳ ಎಷ್ಟೋ ಮನೆಗಳನ್ನು ಮುರಿದದ್ದರಿಂದಲೇ 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಅಂಥ ಕರೆಗೆ ಯಾರಾದರೂ ಹೆದರಿ ಕುಳಿತಿದ್ದರೆ, ದಯವಿಟ್ಟು ಮನೆಯವರಿಗೆ ಹೇಳಿ, ಠಾಣೆಗೆ ಹೋಗಿ ದೂರು ಕೊಡಿ.

ಸುಗ್ಗಿ ಮುಗಿದ ಮೇಲೆ ತುಮಕೂರು, ಮಂಡ್ಯ, ಹಾಸನದ ಕಡೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳ ಕರಪತ್ರ ಹಂಚುತ್ತಾರೆ. ಹರಿಶ್ಚಂದ್ರ ಇದ್ದರೆ ತಪ್ಪಿಸಬೇಡಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ನಿದ್ದೆ ಬಂದರೆ ಮೊದಲ ಅಂಕದಲ್ಲಿ ಮಲಗಲಿ, ಕಾಡಿನ ಪರದೆ ಇಳಿದ ಕೂಡಲೇ ಎಬ್ಬಿಸಿ, ನಕ್ಷತ್ರಿಕ ಅಲ್ಲಿಂದಲೇ ಬರುತ್ತಾನೆ.

ನಮಸ್ಕಾರ.